ಆ್ಯಪ್ ಮುಚ್ಚಿತು, ಮಾಂಡವಿ ತೆರೆದಿದೆ: ಪೋಕರ್ ಹೆಸರಿನ ಮೂರು ಆಟಗಳ ಲೆಕ್ಕ

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಪೋಕರ್ ಆ್ಯಪ್‌ಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಪಾಸಾಯಿತು, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ. ಪೋಕರ್ ಕೌಶಲದ ಆಟವೋ ಅದೃಷ್ಟದ ಆಟವೋ ಎಂದು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದ ವಾದವನ್ನು ಈ ಕಾಯ್ದೆ ಪಕ್ಕಕ್ಕೇ ಸರಿಸಿಬಿಟ್ಟಿದೆ: ಯಾವುದೇ ಆಗಿರಲಿ, ಆನ್‌ಲೈನ್‌ನಲ್ಲಿ ಹಣ ಹೂಡಿ ಹಣ ಗೆಲ್ಲುವಂತಿದ್ದರೆ ಸಾಕು, ಅದು ನಿಷಿದ್ಧ.

ಅಲ್ಲಿಗೆ ಈ ಕಡೆಯವರಿಗೆ ಹತ್ತಿರದಲ್ಲಿ ಉಳಿದದ್ದು ಗೋವಾ. ಮುಂಬೈಯವರಿಗೆ ದಾದರ್‌ನಿಂದ ಮಡಗಾಂವ್ ರೈಲು, ಪುಣೆಯವರಿಗೆ ಸ್ವಾರಗೇಟ್‌ನ ರಾತ್ರಿ ಬಸ್ಸು, ಬೆಳಗಾವಿ ಕಡೆಯವರಿಗೆ ಚೋರ್ಲಾ ಘಾಟು. ಆ್ಯಪ್‌ನಲ್ಲಿ ಎರಡು ಮೂರು ವರ್ಷ ಕೈ ಪಳಗಿಸಿಕೊಂಡವರು ‘ಪೋಕರ್ ಗೊತ್ತಿದೆಯಲ್ಲ’ ಎಂಬ ಧೈರ್ಯದಲ್ಲಿ ಪಣಜಿಯ ಮಾಂಡವಿ ನದಿಯ ದಡದಲ್ಲಿ, ಕ್ಯಾಸಿನೊ ಹಡಗಿಗೆ ಕರೆದೊಯ್ಯುವ ಫೀಡರ್ ಬೋಟ್ ಹತ್ತುತ್ತಾರೆ. ಒಳಗೆ ಪೋಕರ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಆಟಗಳಿವೆ. ಒಂದು ಯಂತ್ರದ ಎದುರು, ಒಂದು ಕ್ಯಾಸಿನೊದ ಎದುರು, ಇನ್ನೊಂದು ಬೇರೆ ಆಟಗಾರರ ಎದುರು. ಒಂದರಲ್ಲಿ ಕಲಿತ ಜಾಣತನ ಇನ್ನೊಂದರಲ್ಲಿ ಕೆಲಸಕ್ಕೆ ಬರುವುದಿಲ್ಲ, ಕೆಲವು ಕಡೆ ತಿರುಗುಬಾಣವೂ ಆಗುತ್ತದೆ. ಇನ್ನು ಮೂರಕ್ಕೂ ಬೀಳುವ ತೆರಿಗೆ ಕ್ಯಾಸಿನೊದ ಲಾಭಾಂಶಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆಟಗಳ ಭೇದವನ್ನು ಜನ ತಕ್ಕಮಟ್ಟಿಗೆ ಬಲ್ಲರು, ತೆರಿಗೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ದಡದ ಮೇಲೆ ಯಂತ್ರ, ನೀರಿನ ಮೇಲೆ ಮೇಜು

ಯಂತ್ರ ಮತ್ತು ಮೇಜು ಎಂಬ ಭೇದ ಬರೀ ಆಟದ ರೀತಿಯದ್ದಲ್ಲ, ಗೋವಾದಲ್ಲಿ ಅದು ಕಾನೂನಿನ ಗೆರೆ. ಅಲ್ಲಿನ ಮೂಲ ಕಾಯ್ದೆ 1976ರ ಸಾರ್ವಜನಿಕ ಜೂಜು ಕಾಯ್ದೆ. ಅದು ಜೂಜನ್ನು ನಿಷೇಧಿಸುವ ಕಾಯ್ದೆಯೇ. 1992ರಲ್ಲಿ ಅದಕ್ಕೆ 13ಎ ಕಲಮು ಸೇರಿಸಿ ಪಂಚತಾರಾ ಹೋಟೆಲುಗಳಲ್ಲಿ ಎಲೆಕ್ಟ್ರಾನಿಕ್ ಮನರಂಜನಾ ಯಂತ್ರ, ಸ್ಲಾಟ್ ಯಂತ್ರಗಳಿಗೆ ಅನುಮತಿ ಕೊಟ್ಟರು. 1996ರಲ್ಲಿ ಮತ್ತೆ ತಿದ್ದಿ, ಮೇಜಿನ ಆಟಗಳನ್ನು ಹಡಗಿನ ಮೇಲೆ ಆಡಬಹುದು ಎಂದರು. ಕಾಯ್ದೆಯ ಅಕ್ಷರ ಹಿಡಿದು ಹೇಳುವುದಾದರೆ, ದಡದ ಹೋಟೆಲಿಗೆ ಯಂತ್ರ, ನೀರಿನ ಮೇಲಿನ ಹಡಗಿಗೆ ಎಲೆ ಹಂಚುವ ಡೀಲರ್. ಮಾಂಡವಿಯ ಹಡಗುಗಳು ಎಲ್ಲಿಗೂ ಹೋಗದೆ ನಿಂತಲ್ಲೇ ನಿಂತಿರುವುದರ ಗುಟ್ಟು ಇದೇ. ನದಿಯೇ ‘ಸಮುದ್ರ’ವಾಗಿರುವ ಈ ಏರ್ಪಾಡಿನ ಬಗ್ಗೆ ಪಣಜಿಯ ಜನರ ತಕರಾರು ಹಳೆಯದು.

2020ರ ಫೆಬ್ರುವರಿ 1ರಿಂದ ಗೋವಾದವರಿಗೆ ಜೂಜಿನ ಅಂಗಳಕ್ಕೆ ಪ್ರವೇಶವಿಲ್ಲ, ಪ್ರವಾಸಿಗರಿಗೆ ಮಾತ್ರ. ವಯಸ್ಸು 21 ತುಂಬಿರಬೇಕು. ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಹಾಗಾಗಿ ವಾಸ್ಕೊದಲ್ಲಿ ನೆಲೆಸಿ ಗೋವಾ ವಿಳಾಸದ ಆಧಾರ್ ಮಾಡಿಸಿಕೊಂಡಿರುವ ಕನ್ನಡಿಗ, ಊರಿಂದ ಬಂದ ನೆಂಟರನ್ನು ಬೋಟಿನವರೆಗೆ ಬಿಟ್ಟು ಬರಬೇಕಾದೀತು.

ಮಹಾರಾಷ್ಟ್ರದ್ದು ಬೇರೆಯೇ ಕಥೆ. ಅಲ್ಲಿ 1887ರ ಮುಂಬಯಿ ಜೂಜು ತಡೆ ಕಾಯ್ದೆ ಇಂದಿಗೂ ಚಾಲ್ತಿಯಲ್ಲಿದೆ. 1976ರಲ್ಲಿ ಕ್ಯಾಸಿನೊ ನಿಯಂತ್ರಣ ಮತ್ತು ತೆರಿಗೆ ಕಾಯ್ದೆಯನ್ನೂ ಮಾಡಿದ್ದರು, ಆದರೆ ಅದನ್ನು ಒಂದು ದಿನವೂ ಜಾರಿಗೆ ತರಲಿಲ್ಲ. 2023ರಲ್ಲಿ ಸರ್ಕಾರವೇ ಅದನ್ನು ರದ್ದು ಮಾಡುವ ತೀರ್ಮಾನಕ್ಕೆ ಬಂತು. ಆದ್ದರಿಂದ ಮುಂಬೈ, ಪುಣೆಯ ಗಲ್ಲಿಗಳಲ್ಲಿ ‘ವಿಡಿಯೊ ಗೇಮ್ ಪಾರ್ಲರ್’ ಬೋರ್ಡಿನ ಹಿಂದೆ ಹಣಕ್ಕೆ ನಡೆಯುವ ಪೋಕರ್ ಯಂತ್ರಗಳಿಗೆ ಯಾವ ಕ್ಯಾಸಿನೊ ಲೈಸೆನ್ಸೂ ಇರಲು ಸಾಧ್ಯವಿಲ್ಲ. ಇಂಥ ವಿಡಿಯೊ ಗೇಮ್ ಅಂಗಡಿಗಳ ಪ್ರಶ್ನೆ ಬೆಂಗಳೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1995ರ ಎಂ.ಜೆ. ಶಿವಾನಿ ಪ್ರಕರಣದಲ್ಲಿ ನ್ಯಾಯಾಲಯ ಪರವಾನಗಿ ಕಡ್ಡಾಯವೆಂಬ ಕರ್ನಾಟಕದ ನಿಲುವನ್ನು ಎತ್ತಿಹಿಡಿಯಿತು. ಯಂತ್ರವನ್ನು ಒಳಗಿಂದ ತಿದ್ದಿ ಆಟಗಾರನ ಕೌಶಲಕ್ಕೆ ಬೆಲೆಯೇ ಇಲ್ಲದಂತೆ ಮಾಡಬಹುದು ಎಂಬ ಅಂಶವೂ ಅಲ್ಲಿ ಚರ್ಚೆಗೆ ಬಂದಿತ್ತು. ಮೇಜಿನ ಪೋಕರ್ ವಿಷಯದಲ್ಲಿ ಹೈಕೋರ್ಟುಗಳು ಒಮ್ಮತಕ್ಕೆ ಬಂದಿಲ್ಲ: ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡ ಎಂದು 2013ರಲ್ಲಿ ಕರ್ನಾಟಕ, ಅದು ಜೂಜೇ ಎಂದು 2017ರಲ್ಲಿ ಗುಜರಾತ್.

ಯಂತ್ರದ ಪೋಕರ್: ಎಲ್ಲವೂ ಆ ಫಲಕದಲ್ಲೇ ಇದೆ

ವಿಡಿಯೊ ಪೋಕರ್ ಯಂತ್ರ ಐದು ಎಲೆ ಕೊಡುತ್ತದೆ. ಬೇಕಾದ್ದನ್ನು ‘ಹೋಲ್ಡ್’ ಒತ್ತಿ ಉಳಿಸಿಕೊಳ್ಳಬೇಕು, ಬೇಡದ್ದಕ್ಕೆ ಒಂದು ಸಲ ಬದಲಿ ಎಲೆ ಬರುತ್ತದೆ, ಅಲ್ಲಿಗೆ ಆಟ ಮುಗಿಯಿತು. ಎದುರಾಳಿ ಇಲ್ಲ, ಇಲ್ಲದ ಎಲೆ ಇದೆಯೆಂದು ನಂಬಿಸುವ ಬ್ಲಫ್ ಇಲ್ಲ. ಕೊನೆಗೆ ಕೈಯಲ್ಲಿ ಏನಿದೆಯೋ ಅದಕ್ಕೆ ಪರದೆಯ ಮೇಲಿನ ಫಲಕದಂತೆ ಹಣ.

ಆ ಫಲಕವನ್ನು ಓದಲು ಬಂದರೆ ಯಂತ್ರದ ಜಾತಕವೇ ಸಿಕ್ಕಂತೆ. ಅತಿ ಸಾಮಾನ್ಯವಾದ ‘ಜಾಕ್ಸ್ ಆರ್ ಬೆಟರ್’ ಮಾದರಿಯಲ್ಲಿ ಗುಲಾಮರ ಜೋಡಿ ಅಥವಾ ಮೇಲಿನದಕ್ಕೆ 1, ಎರಡು ಜೋಡಿಗೆ 2, ಮೂರು ಒಂದೇ ಅಂಕಿಗೆ 3, ಸ್ಟ್ರೈಟ್‌ಗೆ (ಸಾಲಾಗಿ ಬಂದ ಐದು ಅಂಕಿ) 4, ನಾಲ್ಕು ಒಂದೇ ಅಂಕಿಗೆ 25, ಸ್ಟ್ರೈಟ್ ಫ್ಲಶ್‌ಗೆ (ಒಂದೇ ಜಾತಿಯ ಸಾಲು) 50, ರಾಯಲ್ ಫ್ಲಶ್‌ಗೆ (ಒಂದೇ ಜಾತಿಯ ಹತ್ತರಿಂದ ಎಕ್ಕದವರೆಗೆ) 800 ಪಟ್ಟು. ಇವು ಹೆಚ್ಚಾಗಿ ಬದಲಾಗುವುದಿಲ್ಲ. ಬದಲಾಗುವುದು ಫುಲ್ ಹೌಸ್ (ಮೂರು ಒಂದೇ ಅಂಕಿ, ಜೊತೆಗೊಂದು ಜೋಡಿ) ಮತ್ತು ಫ್ಲಶ್ (ಐದೂ ಒಂದೇ ಜಾತಿ). ಅವು 9 ಮತ್ತು 6 ಆಗಿದ್ದರೆ, ಒಂದೂ ತಪ್ಪಿಲ್ಲದೆ ಆಡಿದವನಿಗೆ ದೀರ್ಘಕಾಲದಲ್ಲಿ ನೂರಕ್ಕೆ 99.54 ವಾಪಸು. 8 ಮತ್ತು 5 ಆದರೆ 97.30. 7 ಮತ್ತು 5 ಆದರೆ 96.15. 6 ಮತ್ತು 5ಕ್ಕೆ ಇಳಿದರೆ ಸರಿಯಾಗಿ 95. ಈ ಎರಡು ಕೈಗಳೂ ನೂರು ಆಟಕ್ಕೆ ಹತ್ತಿರ ಹತ್ತಿರ ಒಂದು ಸಲ ಬರುತ್ತವೆ. ಹಾಗಾಗಿ ಫಲಕದಲ್ಲಿ ಒಂದು ಅಂಕಿ ಕಡಿಮೆಯಾದರೆ ಜೇಬಿಗೆ ಶೇ 1.1ರಷ್ಟು ಕತ್ತರಿ. ಬಣ್ಣ, ದೀಪ, ಸದ್ದು ಎಲ್ಲ ಒಂದೇ ಇರುವ ಎರಡು ಯಂತ್ರ ಅಕ್ಕಪಕ್ಕ ನಿಂತಿದ್ದರೂ ಒಂದು ಇನ್ನೊಂದಕ್ಕಿಂತ ಹತ್ತು ಪಟ್ಟು ದುಬಾರಿಯಾಗಿರಬಹುದು.

ಹತ್ತು ಪಟ್ಟು ಎಂದದ್ದು ಉತ್ಪ್ರೇಕ್ಷೆಯಲ್ಲ. ಕೈ ಪಳಗಿದವರು ಗಂಟೆಗೆ 600 ಆಟ ಆಡುತ್ತಾರೆ. ಆಟಕ್ಕೆ ₹50ರಂತೆ ಗಂಟೆಗೆ ₹30,000 ಯಂತ್ರದೊಳಗೆ ಸುತ್ತುತ್ತದೆ. 9-6 ಫಲಕದಲ್ಲಿ ಗಂಟೆಗೆ ಸರಾಸರಿ ನಷ್ಟ ಸುಮಾರು ₹138. 6-5ರಲ್ಲಿ ₹1,500. ವೇಗವೇ ಯಂತ್ರದ ಆಯುಧ, ಶೇಕಡಾವಾರು ಅಲ್ಲ.

ಎಡವುವ ಜಾಗಗಳೂ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಮೊದಲನೆಯದು, ಎಕ್ಕವನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳುವುದು. ಏಳರ ಜೋಡಿಯ ಜೊತೆ ಎಕ್ಕ ಇದ್ದರೆ ಮೇಜಿನ ಆಟದ ರೂಢಿಯಲ್ಲಿ ಮೂರನ್ನೂ ಉಳಿಸುತ್ತಾರೆ. ಇಲ್ಲಿ ಸೋಲಿಸಬೇಕಾದ ಎದುರಾಳಿಯೇ ಇಲ್ಲವಾದ್ದರಿಂದ ಆ ಎಕ್ಕ ಮೂರನೇ ಏಳು ಬರುವ ದಾರಿಗೆ ಅಡ್ಡ ಅಷ್ಟೇ. ಎರಡನೆಯದು ಚಿಕ್ಕ ಜೋಡಿಯ ಮೋಹ. ಒಂಬತ್ತರ ಜೋಡಿ ಇದೆ, ಜೊತೆಗೆ ನಾಲ್ಕು ಎಲೆ ಆಟೀನು ಎಂದುಕೊಳ್ಳಿ. ಜೋಡಿ ಹಿಡಿದರೆ ಅದರ ಸರಾಸರಿ ಬೆಲೆ ಪಣದ 0.82 ಪಟ್ಟು. ಆಟೀನು ಹಿಡಿದರೆ ಉಳಿದ 47 ಎಲೆಯಲ್ಲಿ 9 ಆಟೀನು ಇವೆ. 9ನ್ನು 47ರಿಂದ ಭಾಗಿಸಿ 6ರಿಂದ ಗುಣಿಸಿದರೆ 1.15. ಜೋಡಿ ಬಿಡುವುದೇ ಸರಿ. ಜೋಡಿ ಗುಲಾಮರದ್ದಾದರೆ ಮಾತ್ರ ಲೆಕ್ಕ ತಿರುಗುತ್ತದೆ, ಆಗ ಜೋಡಿಯ ಬೆಲೆ 1.54.

ಮೂರನೆಯದಕ್ಕೆ ಮನಸ್ಸು ಗಟ್ಟಿ ಬೇಕು. ಎಕ್ಕ, ರಾಜ, ರಾಣಿ, ಗುಲಾಮ, ಐದು, ಎಲ್ಲವೂ ಆಟೀನು ಬಂದಿವೆ. ಫ್ಲಶ್ ಆಗಲೇ ಕೈಯಲ್ಲಿದೆ, 6 ಪಟ್ಟು ಖಚಿತ. ಆದರೂ ಐದನ್ನು ಎಸೆಯಬೇಕು. 47ರಲ್ಲಿ ಒಂದು ಅವಕಾಶಕ್ಕೆ 800 ಪಟ್ಟು ಎಂದರೆ ಅದೊಂದರಿಂದಲೇ 17 ಬರುತ್ತದೆ, ಇತರ ಸಾಧ್ಯತೆಗಳನ್ನು ಸೇರಿಸಿದರೆ 18ರ ಮೇಲೆ. ಹೆಚ್ಚಿನವರು ಇಲ್ಲಿ ಫ್ಲಶ್ ಉಳಿಸಿಕೊಂಡು ಖುಷಿಯಾಗಿಬಿಡುತ್ತಾರೆ.

ರಾಯಲ್‌ನ 800 ಪಟ್ಟು ಐದು ನಾಣ್ಯ ಪೂರ್ತಿ ಹಾಕಿದವನಿಗೆ ಮಾತ್ರ. ಒಂದರಿಂದ ನಾಲ್ಕು ನಾಣ್ಯಕ್ಕೆ ಅದು 250ಕ್ಕೆ ಇಳಿಯುತ್ತದೆ, ಒಟ್ಟು ವಾಪಸಾತಿಯೂ ಸುಮಾರು ಶೇ 1.3ರಷ್ಟು ಕುಸಿಯುತ್ತದೆ. ₹10ರ ನಾಣ್ಯ ಐದು ಹಾಕಲು ಆಗದಿದ್ದರೆ ₹2ರ ಯಂತ್ರಕ್ಕೆ ಹೋಗಿ ಐದು ಹಾಕಬೇಕು, ₹10ರದ್ದರಲ್ಲಿ ಒಂದು ಹಾಕಬಾರದು. ಅಷ್ಟಾಗಿಯೂ ರಾಯಲ್ ಬರುವುದು ಸುಮಾರು 40,000 ಆಟಕ್ಕೊಮ್ಮೆ, ಗಂಟೆಗೆ 600ರಂತೆ 67 ಗಂಟೆ. ಮೂರು ದಿನದ ಗೋವಾ ಪ್ರವಾಸದಲ್ಲಿ ಅದನ್ನು ನೋಡದೆ ಬರುವವರೇ ಹೆಚ್ಚು. ಹಾಗೆ ಬಂದವರಿಗೆ 99.54ರ ಯಂತ್ರವೂ 97.5ರದ್ದೇ.

ಗೆದ್ದಾಗ ಯಂತ್ರ ‘ಡಬಲ್ ಅಪ್’ ಬೇಕೆ ಎಂದು ಕೇಳುತ್ತದೆ. ಯಂತ್ರದ ಒಂದು ಎಲೆ ತೆರೆದಿರುತ್ತದೆ, ಮುಚ್ಚಿದ ನಾಲ್ಕರಲ್ಲಿ ಅದಕ್ಕಿಂತ ದೊಡ್ಡದನ್ನು ಆರಿಸಿದರೆ ದುಪ್ಪಟ್ಟು. ಇಸ್ಪೀಟು ಕಟ್ಟು ಪ್ರಾಮಾಣಿಕವಾಗಿದ್ದರೆ ಇದರಲ್ಲಿ ಕ್ಯಾಸಿನೊಗೆ ಒಂದು ಪೈಸೆ ಲಾಭವಿಲ್ಲ, ನ್ಯಾಯವಾದ ಪಣ. ‘ಪ್ರಾಮಾಣಿಕವಾಗಿದ್ದರೆ’ ಎಂಬಲ್ಲೇ ಎಲ್ಲ ನಿಂತಿದೆ. ಅಮೆರಿಕದ ನೆವಾಡಾದಲ್ಲಿ ಪರದೆ ಮೇಲೆ ಇಸ್ಪೀಟು ಎಲೆ ತೋರಿಸಿದರೆ ಅದು ನಿಜವಾದ 52 ಎಲೆಯ ಸಂಭವನೀಯತೆಯಲ್ಲೇ ಬೀಳಬೇಕು ಎಂಬ ನಿಯಮವಿದೆ. ಅದಿರುವುದರಿಂದಲೇ ಫಲಕ ನೋಡಿ ವಾಪಸಾತಿ ಲೆಕ್ಕ ಹಾಕಲು ಆಗುತ್ತದೆ. ಗೋವಾದ 13ಎ ಕಲಮು ಯಂತ್ರಕ್ಕೆ ಅನುಮತಿ ಕೊಡುತ್ತದೆ, ಒಳಗಿನ ಕಟ್ಟು ಹೇಗಿರಬೇಕು ಎನ್ನುವುದಿಲ್ಲ. ಗಲ್ಲಿಯ ಪಾರ್ಲರ್ ಯಂತ್ರಕ್ಕಂತೂ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ.

ಕ್ಯಾಸಿನೊ ಎದುರಿನ ಮೇಜು

ಆ್ಯಪ್‌ನಿಂದ ಬಂದವರು ಹೆಚ್ಚು ಮುಗ್ಗರಿಸುವುದು ಇಲ್ಲಿ. ಕ್ಯಾಸಿನೊ ಹೋಲ್ಡೆಮ್ ನೋಡಲು ಥೇಟ್ ಆ್ಯಪ್‌ನಲ್ಲಿ ಆಡುತ್ತಿದ್ದ ಟೆಕ್ಸಸ್ ಹೋಲ್ಡೆಮ್. ಆಂಟಿ ಎಂಬ ಆರಂಭದ ಪಣ ಇಡುತ್ತೀರಿ, ನಿಮಗೆ ಎರಡು ಎಲೆ, ಡೀಲರ್‌ಗೆ ಎರಡು, ನಡುವೆ ಮೂರು ತೆರೆದ ಎಲೆ. ಈಗ ಎರಡೇ ಆಯ್ಕೆ: ಆಂಟಿ ಬಿಟ್ಟು ಎದ್ದೇಳುವುದು, ಇಲ್ಲವೇ ಆಂಟಿಯ ಎರಡರಷ್ಟು ಇಟ್ಟು ಕಾಲ್ ಮಾಡುವುದು. ಆಮೇಲೆ ಇನ್ನೆರಡು ಎಲೆ ಬರುತ್ತವೆ, ಏಳರಲ್ಲಿ ಉತ್ತಮ ಐದು ಲೆಕ್ಕಕ್ಕೆ. ಡೀಲರ್ ಕೈ ಕನಿಷ್ಠ ನಾಲ್ಕರ ಜೋಡಿಯಾದರೂ ಇರಬೇಕು. ಇಲ್ಲದಿದ್ದರೆ ಆಂಟಿಗೆ ಹಣ ಸಿಗುತ್ತದೆ, ಕಾಲ್ ಸುಮ್ಮನೆ ವಾಪಸು.

ಆ್ಯಪ್‌ನಲ್ಲಿ ಒಂಬತ್ತು ಜನರ ನಡುವೆ ಆಡುವಾಗ ಒಳ್ಳೆಯ ಆಟಗಾರ ಬಹುಪಾಲು ಕೈಗಳನ್ನು ಬಿಡುತ್ತಾನೆ, ಅದೇ ಅಲ್ಲಿನ ಶಿಸ್ತು. ಇಲ್ಲಿ ಸರಿಯಾದ ಆಟವೆಂದರೆ ನೂರಕ್ಕೆ 82 ಕೈಗಳಲ್ಲಿ ಕಾಲ್ ಮಾಡುವುದು! ಕಾರಣ ಸರಳ. ಬಿಟ್ಟರೆ ಖಚಿತವಾಗಿ 1 ಹೋಯಿತು. ಕಾಲ್ ಮಾಡಿ ಗೆದ್ದರೆ 3 ಬರುತ್ತದೆ, ಸೋತರೆ 3 ಹೋಗುತ್ತದೆ. ಗೆಲ್ಲುವ ಸಾಧ್ಯತೆ ಮೂರರಲ್ಲಿ ಒಂದಿದ್ದರೂ ಸರಾಸರಿ ನಷ್ಟ ಅದೇ 1. ಅಂದರೆ ಮೂರಕ್ಕೆ ಒಂದಕ್ಕಿಂತ ತುಸು ಮೇಲಿದ್ದರೆ ಕಾಲ್ ಲೇಸು. ಎದುರಿಗಿರುವುದು ಒಬ್ಬ ಡೀಲರ್, ಅವನ ಕೈಯಲ್ಲಿರುವುದೂ ಯಾವುದೋ ಎರಡು ಎಲೆ. ರಾಜ ಅಥವಾ ಎಕ್ಕ ಒಂದಿದ್ದರೂ ಬಹಳಷ್ಟು ಸಲ ಅಷ್ಟು ಸಾಧ್ಯತೆ ಇರುತ್ತದೆ. ಬ್ಲಫ್ ಮಾಡುವ ಮಾತೇ ಇಲ್ಲ, ಡೀಲರ್‌ಗೆ ಎಲೆ ಬಿಡುವ ಹಕ್ಕೇ ಇಲ್ಲವಲ್ಲ. ಹೀಗೆ ಆಡಿದರೆ, ಆಂಟಿಯ ಪಾವತಿ ಫಲಕ ರಾಯಲ್ ಫ್ಲಶ್‌ನಿಂದ ಕೆಳಕ್ಕೆ 100-20-10-3-2-1 ಇದ್ದಲ್ಲಿ ಕ್ಯಾಸಿನೊದ ಲಾಭಾಂಶ ಆಂಟಿಯ ಶೇ 2.16. ಪಕ್ಕದಲ್ಲಿರುವ ಎಕ್ಕದ ಜೋಡಿಯ ಬೋನಸ್ ಪಣ ಇದಕ್ಕಿಂತ ಬಹಳ ದುಬಾರಿ, ಅದರ ಕಡೆ ನೋಡದಿರುವುದೇ ವಾಸಿ.

ಮೂರು ಎಲೆಯ ಪೋಕರ್‌ನಲ್ಲಿ ನಮ್ಮವರಿಗೆ ಬೇರೊಂದು ತೊಡಕು. ದೀಪಾವಳಿಯಲ್ಲಿ ತೀನ್ ಪತ್ತಿ ಆಡಿದವರಿಗೆ ಮೂರು ಒಂದೇ ಅಂಕಿಯ ಟ್ರೇಲ್ ಎಲ್ಲಕ್ಕಿಂತ ದೊಡ್ಡದು, ಆಮೇಲೆ ಪ್ಯೂರ್ ಸೀಕ್ವೆನ್ಸ್, ಅಂದರೆ ಪೋಕರ್‌ನ ಸ್ಟ್ರೈಟ್ ಫ್ಲಶ್. ಪೋಕರ್ ಮೇಜಿನಲ್ಲಿ ತಿರುವುಮುರುವು: ಸ್ಟ್ರೈಟ್ ಫ್ಲಶ್ ಮೇಲೆ, ಟ್ರೇಲ್ ಕೆಳಗೆ. ಎಣಿಸಿದರೆ ಪೋಕರ್‌ನದ್ದೇ ಸರಿ. ಮೂರೆಲೆಯ ಒಟ್ಟು 22,100 ಕೈಗಳಲ್ಲಿ ಟ್ರೇಲ್ 52, ಪ್ಯೂರ್ ಸೀಕ್ವೆನ್ಸ್ 48. ಅಪರೂಪದ್ದು ಎರಡನೆಯದು. ಆಟದ ನಿಯಮ ಒಂದೇ ಸಾಲಿನದು: ರಾಣಿ-ಆರು-ನಾಲ್ಕು ಅಥವಾ ಅದಕ್ಕಿಂತ ಮೇಲಿದ್ದರೆ ಆಡಿ, ಕೆಳಗಿದ್ದರೆ ಬಿಡಿ. ಹೀಗೆ ಆಡಿದವನಿಂದ ಕ್ಯಾಸಿನೊಗೆ ಸಿಗುವುದು ಆಂಟಿಯ ಶೇ 3.37. ಪೇರ್ ಪ್ಲಸ್ ಎಂಬ ಪಕ್ಕದ ಪಣದಲ್ಲಿ ಫ್ಲಶ್‌ಗೆ 4 ಪಟ್ಟು ಇದ್ದರೆ ಲಾಭಾಂಶ ಶೇ 2.32. ಅದೇ 3 ಪಟ್ಟು ಎಂದು ಬರೆದಿದ್ದರೆ ಶೇ 7.28. ಮೇಜಿನ ಬಟ್ಟೆಯ ಮೇಲೆ ಅಚ್ಚಾಗಿರುವ ಆ ಒಂದು ಅಂಕಿ ನೋಡಿಯೇ ಕುರ್ಚಿ ಎಳೆದುಕೊಳ್ಳಬೇಕು.

ಚಿಪ್ಸ್ ಕೌಂಟರಿನ ಲೆಕ್ಕ

ಮೂರನೆಯದು ಪೋಕರ್ ರೂಮ್. ಆಟಗಾರರು ಪರಸ್ಪರ ಆಡುತ್ತಾರೆ, ಕ್ಯಾಸಿನೊ ಪ್ರತಿ ಪಾಟ್‌ನಿಂದ, ಅಂದರೆ ಮೇಜಿನ ನಡುವೆ ಕೂಡಿದ ಪಣದಿಂದ, ರೇಕ್ ಎಂಬ ತನ್ನ ಪಾಲು ಕತ್ತರಿಸಿಕೊಳ್ಳುತ್ತದೆ. ಆ್ಯಪ್‌ನ ವಿದ್ಯೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ. ಆದರೆ ತೆರಿಗೆಯ ಪೆಟ್ಟು ಜೋರಾಗಿ ಬೀಳುವುದೂ ಇಲ್ಲೇ.

2023ರ ಅಕ್ಟೋಬರ್ 1ರಿಂದ ಕ್ಯಾಸಿನೊ ಚಿಪ್ಸ್‌ನ (ಹಣದ ಬದಲು ಹೂಡುವ ಬಿಲ್ಲೆ) ಪೂರ್ತಿ ಮುಖಬೆಲೆಯ ಮೇಲೆ ಶೇ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಸಮಾಧಾನದ ಸಂಗತಿ ಒಂದೇ: ತೆರಿಗೆ ಚಿಪ್ಸ್ ಕೊಳ್ಳುವಾಗ ಒಮ್ಮೆ, ಗೆದ್ದ ಚಿಪ್ಸ್ ಮತ್ತೆ ಹೂಡಿದರೆ ಇಲ್ಲ. ಆಡದೆ ಹಿಂದಿರುಗಿಸಿದ ಚಿಪ್ಸ್‌ನ ತೆರಿಗೆ ಮಾತ್ರ ವಾಪಸು ಬರುವುದಿಲ್ಲ. ಕಾನೂನಿನ ಪ್ರಕಾರ ಕಟ್ಟಬೇಕಾದವರು ಕ್ಯಾಸಿನೊದವರು. ಅದನ್ನು ಎಷ್ಟು ಗ್ರಾಹಕನ ಮೇಲೆ ಹಾಕುತ್ತಾರೆ, ಎಷ್ಟು ಬೋನಸ್ ರೂಪದಲ್ಲಿ ಮರೆಮಾಡುತ್ತಾರೆ ಎಂಬುದು ಅವರವರ ವ್ಯಾಪಾರ. ಆದ್ದರಿಂದ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ಶೇಕಡಾವಾರಿನದ್ದಲ್ಲ. ‘₹10,000 ಕೊಟ್ಟರೆ ಮರಳಿ ನಗದಾಗುವ ಚಿಪ್ಸ್ ಎಷ್ಟು ಕೊಡುತ್ತೀರಿ?’ ಎಂದು ಕೇಳಬೇಕು. ತೆರಿಗೆ ಪೂರ್ತಿ ಒಳಗೇ ಸೇರಿಸಿದ್ದರೆ ಉತ್ತರ ₹7,142ರ ಸುತ್ತ ಬರುತ್ತದೆ.

ಇದನ್ನು ಆಟದ ಪಕ್ಕದಲ್ಲಿಟ್ಟು ನೋಡಿ. ಕ್ಯಾಸಿನೊ ಹೋಲ್ಡೆಮ್‌ನಲ್ಲಿ ₹500 ಆಂಟಿ, ಗಂಟೆಗೆ 40 ಆಟ ಎಂದರೆ ಸರಾಸರಿ ನಷ್ಟ ಗಂಟೆಗೆ ₹432. ₹10,000 ಚಿಪ್ಸ್ ಮೇಲಿನ ₹4,000 ತೆರಿಗೆ ಎಂದರೆ ಒಂಬತ್ತು ಗಂಟೆಗೂ ಹೆಚ್ಚಿನ ಆಟದ ನಷ್ಟ, ಮೊದಲ ಎಲೆ ಬೀಳುವ ಮುಂಚೆಯೇ. ಪೋಕರ್ ರೂಮಿನಲ್ಲಿ ₹100-200 ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಡಬೇಕಾದ ಚಿಕ್ಕ, ದೊಡ್ಡ ಪಣ) ಮೇಜಿಗೆ ₹20,000 ತೆಗೆದುಕೊಂಡು ಕೂತರೆ ತೆರಿಗೆ ₹8,000, ಅಂದರೆ 40 ದೊಡ್ಡ ಬ್ಲೈಂಡ್. ನೂರು ಕೈಗೆ 10 ಬ್ಲೈಂಡ್ ಗೆಲ್ಲುವವನನ್ನು ಬಹಳ ಒಳ್ಳೆಯ ಆಟಗಾರ ಎನ್ನುತ್ತಾರೆ. ಅಂಥವನಿಗೂ ತೆರಿಗೆಯಷ್ಟನ್ನೇ ದುಡಿಯಲು 400 ಕೈ ಬೇಕು. ಡೀಲರ್ ಹಂಚುವ ಮೇಜಿನಲ್ಲಿ ಗಂಟೆಗೆ 30 ಕೈ ಹಿಡಿದರೆ 13 ಗಂಟೆ. ಒಮ್ಮೆ ಸೋತು ಮತ್ತೆ ಚಿಪ್ಸ್ ಕೊಂಡರೆ ಲೆಕ್ಕ ಮೊದಲಿನಿಂದ ಶುರು. ಊಟಕ್ಕೆ ಏಳುವಾಗ ಚಿಪ್ಸ್ ನಗದು ಮಾಡಿಸಿ, ಬಂದು ಮತ್ತೆ ಕೊಳ್ಳುವುದಂತೂ ದಂಡ ಕಟ್ಟಿದಂತೆ, ಆದಷ್ಟೂ ಚಿಪ್ಸ್ ಕೈಯಲ್ಲೇ ಇರಲಿ. ಆ್ಯಪ್‌ನಲ್ಲಿ ‘ಸಣ್ಣ ಲಾಭ, ತುಂಬಾ ಕೈ’ ಎಂದು ನಡೆಯುತ್ತಿದ್ದ ಲೆಕ್ಕಾಚಾರ ಈ ದರದಲ್ಲಿ ವಾರಾಂತ್ಯದ ಆಟಗಾರನಿಗೆ ಕೂಡಿಬರುವುದೇ ಇಲ್ಲ.

ಪ್ರವೇಶದ ಪ್ಯಾಕೇಜಿನಲ್ಲಿ ಊಟ, ಪಾನೀಯದ ಜೊತೆ ಬರುವ ಓಟಿಪಿ ಚಿಪ್ಸ್ ವಿಷಯದಲ್ಲೂ ಜನ ಮೋಸಹೋಗುತ್ತಾರೆ. ಓಟಿಪಿ ಎಂದರೆ ಒನ್ ಟೈಮ್ ಪ್ಲೇ, ಒಂದೇ ಸಲ ಹೂಡಬಹುದು. ಗೆದ್ದರೆ ಗೆಲುವು ನಿಜವಾದ ಚಿಪ್ಸ್‌ನಲ್ಲಿ ಬರುತ್ತದೆ, ಓಟಿಪಿ ಚಿಪ್ಸ್ ಮಾತ್ರ ಡೀಲರ್ ಒಳಗೆ ಹಾಕಿಕೊಳ್ಳುತ್ತಾನೆ. ಸಮಪಾಲಿನ ಪಣದಲ್ಲಿ ₹1,000ದ ಓಟಿಪಿ ಚಿಪ್ಸ್‌ನ ನಿಜಬೆಲೆ ₹500ಕ್ಕಿಂತ ತುಸು ಕಡಿಮೆ. ಹೂಡಿದ್ದು ಹೇಗೂ ಹೋಗುವುದರಿಂದ ಅದನ್ನು ಹೆಚ್ಚು ಪಟ್ಟು ಕೊಡುವ, ಲಾಭಾಂಶ ಕಡಿಮೆ ಇರುವ ಪಣಕ್ಕೆ ಬಳಸಿದರೆ ಬೆಲೆ ಏರುತ್ತದೆ. ರೂಲೆಟ್‌ನ ಒಂದೇ ಸಂಖ್ಯೆಯ ಮೇಲೆ 35 ಪಟ್ಟು ಇರುವಲ್ಲಿ ಅದು ಮುಖಬೆಲೆಯ ಶೇ 90ರ ಮೇಲೆ ಹೋಗುತ್ತದೆ, ಬಹುತೇಕ ಸಲ ಸೋಲುವುದನ್ನು ಒಪ್ಪಿಕೊಂಡರೆ. ಯಾವ ಮೇಜಿನಲ್ಲಿ ಓಟಿಪಿ ನಡೆಯುತ್ತದೆ ಎಂಬುದಕ್ಕೆ ನಿರ್ಬಂಧ ಇರಬಹುದು, ಮೊದಲೇ ಕೇಳಿಕೊಳ್ಳಬೇಕು.

ಗೆದ್ದವನಿಗೆ ಆದಾಯ ತೆರಿಗೆ ಬೇರೆ: ಶೇ 30, ಸೆಸ್ ಸೇರಿ 31.2. ಒಂದು ರಾತ್ರಿ ₹50,000 ಗೆದ್ದು ಮರುರಾತ್ರಿ ₹60,000 ಸೋತರೂ ಆ ಸೋಲನ್ನು ಗೆಲುವಿನಲ್ಲಿ ಕಳೆಯಲು ಅವಕಾಶವಿಲ್ಲ. ರೈಲು ಟಿಕೆಟ್, ಹೋಟೆಲ್ ಖರ್ಚೂ ಇಲ್ಲ.

ಹಣವಿಲ್ಲದ ಪೋಕರ್‌ಗೆ ಹೊಸ ಕಾಯ್ದೆಯ ತಡೆ ಇಲ್ಲ. 2024ರಲ್ಲಿ ಬಂದ ಬಲಾಟ್ರೊ ಎಂಬ ವಿಡಿಯೊ ಗೇಮ್ ಪೋಕರ್ ಕೈಗಳ ಮೇಲೆಯೇ ಕಟ್ಟಿದ ಒಗಟಿನಾಟ. ಅದರಲ್ಲಿ ಪಣವೇ ಇಲ್ಲ. ಆದರೂ ಯುರೋಪಿನಲ್ಲಿ ವಿಡಿಯೊ ಗೇಮ್‌ಗಳಿಗೆ ವಯಸ್ಸಿನ ಮಿತಿ ಹಾಕುವ ಪೆಗಿ ಸಂಸ್ಥೆ 2024ರಲ್ಲಿ ಅದಕ್ಕೆ 18 ವರ್ಷದ ಮಿತಿ ಹಾಕಿ, 2025ರಲ್ಲಿ 12ಕ್ಕೆ ಇಳಿಸಿತು. ಇಲ್ಲಿನ ಕಾಯ್ದೆ ನೋಡುವುದು ಎಲೆಯ ಚಿತ್ರವನ್ನಲ್ಲ, ಪಣವನ್ನು. ಹಣ ಕೊಟ್ಟು ಕೊಂಡ, ಹಣಕ್ಕೆ ಸಮ ಎನ್ನುವ ಕಾಯಿನ್, ಟೋಕನ್‌ಗಳೂ ಅದರ ಪ್ರಕಾರ ಪಣವೇ. ಗೆದ್ದದ್ದು ಯಾವುದೇ ದಾರಿಯಲ್ಲಿ ನಗದಾಗುವಂತಿದ್ದರೆ ಆ ಆ್ಯಪ್ ನಿಷಿದ್ಧದ ಸಾಲಿಗೆ ಸೇರುತ್ತದೆ. ಟೆಲಿಗ್ರಾಂ ಗುಂಪಿನ ‘ಏಜೆಂಟ್’ ಮೂಲಕ ಚಿಪ್ಸ್ ಕೊಟ್ಟು ತೆಗೆದುಕೊಳ್ಳುವ ಆ್ಯಪ್‌ಗಳು ತೋರಿಕೆಗೆ ಪುಕ್ಕಟೆ ಆಟ, ಆದರೆ ಅಲ್ಲಿ ನಡೆಯುವುದು ಇದೇ. ಅಲ್ಲಿ ಹಣ ಸಿಕ್ಕಿಬಿದ್ದರೆ ದೂರು ಕೊಡಲು ಜಾಗವೂ ಇಲ್ಲ.

ಗೋವಾಕ್ಕೆ ಹೊರಡುವವರು ಪುಕ್ಕಟೆ ಆ್ಯಪ್‌ನಲ್ಲಿ ನಿಜವಾಗಿ ಅಭ್ಯಾಸ ಮಾಡಬಹುದಾದದ್ದು ಯಂತ್ರದ ಪೋಕರ್ ಒಂದನ್ನೇ. ಫಲಕವನ್ನು 8-5 ಎಂದು ಇಟ್ಟುಕೊಂಡು, ತಪ್ಪಾಗಿ ಹೋಲ್ಡ್ ಮಾಡಿದಾಗ ಎಚ್ಚರಿಸುವ ಅಭ್ಯಾಸದ ಆ್ಯಪ್‌ನಲ್ಲಿ ಕೆಲವು ಸಾವಿರ ಕೈ ಆಡಿದರೆ ನಿರ್ಧಾರಗಳು ಬೆರಳಿಗೇ ಬರುತ್ತವೆ. ಪುಕ್ಕಟೆ ಚಿಪ್ಸ್‌ನ ಹೋಲ್ಡೆಮ್‌ನಲ್ಲಿ ಎಲ್ಲರೂ ಎಲ್ಲ ಕೈಗೂ ಕಾಲ್ ಮಾಡುತ್ತಾರೆ, ಸೋತರೆ ಹೋಗುವುದು ಏನೂ ಇಲ್ಲವಲ್ಲ. ಅಲ್ಲಿ ಕಲಿತದ್ದನ್ನು ₹100-200ರ ಮೇಜಿಗೆ ತಂದರೆ ಪಕ್ಕದ ಕುರ್ಚಿಯವರಿಗೇ ಲಾಭ.